ಹಳದಿ ಕಾಲದ ಪಾಠ

ಊರಿನಲ್ಲಿ ಅವಳನ್ನು ಎಲ್ಲರೂ ಇಸವಿ ಟೀಚರ್ ಎನ್ನುತ್ತಿದ್ದರು. ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುವವಳು, ಯಾರು ಏನು ಹೇಳಿದರೂ "ಯಾವ ಇಸವಿ?" ಎಂದು ಕೇಳುವುದು ಅವಳ ನಾಲಿಗೆಗೆ ಅಂಟಿದ ಚಾಳಿ. ಒಮ್ಮೆ ಮೊಟ್ಟೆ ಅಂಗಡಿಯವನು ಮಾಲು ತಾಜಾ ಇದೆ ಎಂದಾಗಲೂ ಅದೇ ಪ್ರಶ್ನೆ ಬಾಯಿಂದ ಜಾರಿತ್ತು. ಅವನು ಆ ಕಥೆಯನ್ನು ವರ್ಷವಿಡೀ ಗಿರಾಕಿಗಳಿಗೆ ಹಂಚಿದ. ಟೀಚರಿಗೆ ಬೇಸರವಾಗಲಿಲ್ಲ. ಅಡ್ಡಹೆಸರು ಇಡುವಷ್ಟಾದರೂ ಊರು ತನ್ನನ್ನು ಹತ್ತಿರ ಬಿಟ್ಟುಕೊಂಡಿತಲ್ಲ ಎಂಬ ಸಮಾಧಾನ ಅವಳದು. ಚಿಕ್ಕವಳಿದ್ದಾಗ ಅಷ್ಟೂ ಇರಲಿಲ್ಲ.

ಮನೆ ಶಾಲೆಯ ಹಿಂದಿನ ಬೀದಿಯಲ್ಲಿ. ಕೆಳಗೆ ಗಂಡನ ಬೀಗದ ಅಂಗಡಿ, ಮೇಲೆ ಎರಡು ಕೋಣೆ ಮತ್ತು ಅಡುಗೆಮನೆ. ಗಂಡ ಬೇರೆ ಊರಿನಿಂದ ಬಂದು ನೆಲೆಸಿದವನು. ಕಳೆದುಹೋದ ಕೀಲಿಕೈ, ಕಚ್ಚಿಕೊಂಡ ಬೀಗ, ಸಡಿಲಾದ ಚಿಲಕ ಎಂದು ದಿನವಿಡೀ ಕಂಡವರ ಮನೆಗಳಲ್ಲಿ ಓಡಾಡುತ್ತಿದ್ದ. "ಈ ಊರಲ್ಲಿ ನನ್ನ ಕೈಲಿ ತೆಗೆಯೋಕಾಗದ್ದು ಅಂದ್ರೆ ಅತ್ತೆ ಬಾಯಿ ಒಂದೇ" ಎನ್ನುವುದು ಅವನ ಹಳೆಯ ತಮಾಷೆ. ಅತ್ತೆ ಎಂದರೆ ಟೀಚರಿನ ತಾಯಿ. ಮಗಳ ಮನೆಯಲ್ಲೇ ಇದ್ದ ಆ ಮುದುಕಿಗೆ ಕಿವಿ ಪೂರ್ತಿ ಹೋಗಿತ್ತು. ಮಾತು ಅದಕ್ಕೂ ಎಷ್ಟೋ ಮುಂಚೆ ಹೋಗಿತ್ತು. ಮೂಕಿಯಲ್ಲ. ಬೇಕು, ಬೇಡ, ಸಾಕು, ಇಷ್ಟರಲ್ಲೇ ದಿನ ಕಳೆಯುತ್ತಿದ್ದಳು.

ಹತ್ತನೇ ತರಗತಿಯ ಪುಸ್ತಕದ ಕೊನೆಗೆ ಒಂದು ಸಣ್ಣ ಪಾಠವಿತ್ತು, ಹಿಂದಿನ ಒಂದು ದಶಕದ ಪರಿಸರ ಮತ್ತು ಆರ್ಥಿಕ ಸಮಸ್ಯೆಗಳ ಬಗ್ಗೆ. ಲೋಹಗಳ ಬೆಲೆ ಕುಸಿಯಿತು, ಕಾರ್ಖಾನೆಗಳು ಮುಚ್ಚಿದವು, ಗಾಳಿ ನೀರು ಕೆಟ್ಟವು, ಜನ ವಲಸೆ ಹೋದರು. ಎಲ್ಲಿಯ ಗಾಳಿ, ಯಾವ ಜನ ಎಂಬುದಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಟೀಚರ್ ಈ ಪಾಠವನ್ನು ಪರೀಕ್ಷೆಗೆ ಬೇಕಾದಷ್ಟು ಬರೆಸಿ ಕೈತೊಳೆದುಕೊಳ್ಳುತ್ತಿದ್ದಳು. ಇದೆಲ್ಲ ನಡೆದದ್ದು ಶಾಲೆಯ ಕಿಟಕಿಯಿಂದ ಕಾಣುವ ಬಯಲಿನಲ್ಲಿ ಎಂದು ಬಾಯಿ ಬಿಡುತ್ತಿರಲಿಲ್ಲ. ಊರಿನ ಹಿರಿಯರು ಅದನ್ನು ಹಳದಿ ಕಾಲ ಎನ್ನುತ್ತಿದ್ದರು. ಅದೂ ಅಪರೂಪಕ್ಕೆ, ದನಿ ತಗ್ಗಿಸಿ. ಟೀಚರ್ ಹತ್ತಿರ ಬಂದರೆ ಮಾತನ್ನು ಅಲ್ಲಿಗೇ ತುಂಡರಿಸುತ್ತಿದ್ದರು.

ಬಯಲಿನಲ್ಲಿ ಹಿಂದೆ ಸೀಸ ಕರಗಿಸುವ ಕಾರ್ಖಾನೆಯಿತ್ತು. ಈಗ ಉಳಿದದ್ದು ಒಂದು ಚಿಮಣಿ, ಮತ್ತು ಕುಲುಮೆಯಿಂದ ತೆಗೆದು ಸುರಿದ ಕಿಟ್ಟದ ಕರಿ ಗುಡ್ಡೆಗಳು. ಗುಡ್ಡೆಗಳ ಮೇಲೆ ಮುಳ್ಳುಕಂಟಿ ಬೆಳೆದಿತ್ತು, ಹುಲ್ಲು ಬೆಳೆದಿರಲಿಲ್ಲ. ಟೀಚರಿನ ಅಪ್ಪ ಆ ಕುಲುಮೆಯಲ್ಲಿ ದುಡಿದವನು. ಕಾರ್ಖಾನೆ ಮುಚ್ಚಿದಾಗ ಅವಳಿಗೆ ಆರೇಳು ವರ್ಷ. ಅವಳಿಗೆ ನೆನಪಿದ್ದದ್ದು ಕಡಿಮೆ: ನಾಲಿಗೆಯ ಮೇಲೆ ನಾಣ್ಯ ಇಟ್ಟಂಥ ರುಚಿ, ಒದ್ದೆ ಬಟ್ಟೆಯಿಂದ ಮೂಗು ಒತ್ತಿ ಹಿಡಿದ ಅಮ್ಮನ ಕೈ, ಆಮೇಲೆ ಬೀದಿಯಲ್ಲಿ ಒಂದೊಂದೇ ಮನೆ ಖಾಲಿಯಾದದ್ದು. ಉಳಿದವರು ಯಾರೂ ಅವರ ಮನೆಗೆ ಬರುತ್ತಿರಲಿಲ್ಲ. ಅಪ್ಪ ಕೂಡ ಅಮ್ಮನ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ. ಹೇಳುವುದಿದ್ದರೆ, ಒಂದೇ ಕೋಣೆಯಲ್ಲಿ ಕೂತು, "ನಿಮ್ಮಮ್ಮನಿಗೆ ಹೇಳು" ಎಂದು ಮಗಳನ್ನು ನಡುವೆ ನಿಲ್ಲಿಸುತ್ತಿದ್ದ. ಸಾಯುವವರೆಗೂ ಹಾಗೇ ಇದ್ದ. ಕಾರಣ ಏನೆಂದು ಅವಳು ಕೇಳಲಿಲ್ಲ. ಊರಿಗೆಲ್ಲ ಇಸವಿ ಕೇಳುವವಳು ಮನೆಯಲ್ಲಿ ಅದೊಂದನ್ನು ಕೇಳದೆ ದೊಡ್ಡವಳಾದಳು.

ಟೀಚರಿನ ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ಆ ಬಯಲಿಗೆ ಬೇಲಿ ಬಿತ್ತು. ಕಿಟ್ಟದಲ್ಲಿ ಇನ್ನೂ ಲೋಹ ಉಳಿದಿದೆ, ಈಗಿನ ಬೆಲೆಗೆ ಅಗೆದು ತೆಗೆದರೆ ಲಾಭವೇ ಎಂದು ಯಾವುದೋ ಕಂಪನಿಗೆ ಅನ್ನಿಸಿತ್ತು. ಬಹಳ ಕಾಲದ ಮೇಲೆ ಊರಿನ ಗಂಡಸರಿಗೆ ಊರಿನಲ್ಲೇ ಕೆಲಸ ಸಿಕ್ಕಿತು. ಹೊರಗಿನಿಂದಲೂ ಜನ ಬಂದರು. ಅವರಲ್ಲಿ ಒಬ್ಬ ಅಗೆಯುವ ಯಂತ್ರ ಓಡಿಸುವವನು. ಹೆಂಡತಿ ತೀರಿಕೊಂಡಿದ್ದಳು, ಮಗಳೊಬ್ಬಳೇ. ಆ ಹುಡುಗಿ ವರ್ಷದ ನಡುವೆ ಹತ್ತನೇ ತರಗತಿಗೆ ಸೇರಿದಳು. ಉಳಿದ ಮಕ್ಕಳು ಅವಳನ್ನು "ಹೊಸಬಿ" ಎಂದರು, ಅದೇ ನಿಂತಿತು.

ತನ್ನ ಅಪ್ಪ ಅಗೆಯಲು ಹೊರಟಿರುವ ಜಾಗದಲ್ಲಿ ಮೊದಲು ಏನಿತ್ತು ಎಂದು ಒಂದು ದಿನ ಕೈಯೆತ್ತಿ ಕೇಳಿದವಳು ಹೊಸಬಿಯೇ. ಊರಿನ ಮಕ್ಕಳಿಗೂ ಗೊತ್ತಿರಲಿಲ್ಲ. ಒಬ್ಬ ಜೈಲು ಎಂದ, ಇನ್ನೊಬ್ಬಳು ಸುಣ್ಣದ ಗೂಡು ಎಂದಳು. ಎಲ್ಲರೂ ಟೀಚರಿನ ಮುಖ ನೋಡಿದರು. ಅವಳು ನಾಳೆ ಹೇಳುತ್ತೇನೆ ಎಂದಳು. ಸಂಜೆ ಮನೆಯಲ್ಲಿ, ಈ ಸಲ ಬರೆಸುವುದಿಲ್ಲ, ಹೇಳಿಬಿಡುತ್ತೇನೆ ಎಂದು ಗಂಡನಿಗೆ ತಿಳಿಸಿದಳು. ಗಂಡ ಅರದಿಂದ ಕೀಲಿ ಉಜ್ಜುವುದನ್ನು ನಿಲ್ಲಿಸಿ, "ಹುಷಾರು ಕಣೇ. ತುಕ್ಕು ಹಿಡಿದ ಬೀಗ ಬಲವಂತಕ್ಕೆ ತೆಗೆದ್ರೆ ಮತ್ತೆ ಹಾಕೋಕಾಗಲ್ಲ" ಎಂದ.

ಹದಿನೈದರ ಮಕ್ಕಳಿಗೆ ಹಿಂದಿನವರ ಕಷ್ಟ ಹೇಳುವುದು ಗೋಡೆಗೆ ಕಥೆ ಹೇಳಿದ ಹಾಗೆ. ಆಕಳಿಸುತ್ತಾರೆ, ಇಲ್ಲವೇ ಬೆಂಚಿನ ಕೆಳಗೆ ಕಾಲು ತುಳಿದಾಡುತ್ತಾರೆ. ಟೀಚರ್ ಬೋರ್ಡಿನ ಮೇಲೆ ಎರಡು ಗೆರೆ ಎಳೆದಳು. ಒಂದು ಸೀಸದ ಬೆಲೆ, ಇಳಿಯುತ್ತ ಹೋಗುವುದು. ಇನ್ನೊಂದು ಹೊಗೆ, ಏರುತ್ತ ಹೋಗುವುದು. ಬೆಲೆ ಇಳಿದರೆ ಹೊಗೆ ಯಾಕೆ ಏರಬೇಕು ಎಂದು ಕೇಳಿದಳು. ಆಮೇಲೆ ಹಿಂದಿನ ಬೆಂಚಿನಲ್ಲಿ ಉಗುರು ಕಚ್ಚುತ್ತ ಕೂತವನೊಬ್ಬ, ಖರ್ಚು ಉಳಿಸೋಕೆ ಹೊಗೆ ಸೋಸೋದನ್ನ ನಿಲ್ಲಿಸಿರಬೇಕು ಎಂದ. ಹೌದೆಂದಳು. ಹೊಗೆ ಹಳದಿಯಾದದ್ದು, ಒಣಹಾಕಿದ ಬಟ್ಟೆ ತೂತು ಬಿದ್ದದ್ದು, ಹಸುಗಳು ಮೇಯುತ್ತಿದ್ದಲ್ಲೇ ಕಾಲು ಮಡಚಿ ಕೂತು ಮತ್ತೆ ಏಳದೆ ಹೋದದ್ದು, ತನಗೆ ತಿಳಿದಷ್ಟನ್ನು ಹೇಳಿದಳು. ದೂರು ಕೊಟ್ಟರೆ ಕಾರ್ಖಾನೆ ಮುಚ್ಚುತ್ತದೆ, ಸಂಬಳ ಹೋಗುತ್ತದೆ. ಕೊಡದಿದ್ದರೆ ಮಕ್ಕಳು ಕೆಮ್ಮುತ್ತಾರೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ತರಗತಿ ಎರಡು ಪಾಲಾಯಿತು. ಹಸಿವಿನ ಪಕ್ಷ, ಕೆಮ್ಮಿನ ಪಕ್ಷ. ವಾದ ಜೋರಾಯಿತು. ಟೀಚರಿಗೆ ಒಳಗೊಳಗೇ ಹಿಗ್ಗು.

ಹೊರಗೆ ಒಳ್ಳೆ ಬಿಸಿಲಿತ್ತು, ಕಿಟಕಿಗಳೆಲ್ಲ ತೆರೆದಿದ್ದವು. ಮಾತಿನ ನಡುವೆ ಹೊಸಬಿ ಎದ್ದು ತನ್ನ ಪಕ್ಕದ ಕಿಟಕಿ ಮುಚ್ಚಿ ಚಿಲಕ ಹಾಕಿದಳು. ಅವಳ ಹಿಂದಿನವಳು ಎದ್ದಳು. ಆಮೇಲೆ ಆ ಸಾಲು, ಆಮೇಲೆ ಈ ಸಾಲು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ವಾದ ನಿಲ್ಲಲಿಲ್ಲ. ಮಾತಾಡುತ್ತಲೇ ಎದ್ದು, ಮುಚ್ಚಿ, ಮಾತಾಡುತ್ತಲೇ ಕೂತರು, ದಿನವೂ ಮನೆಯಲ್ಲಿ ಮಾಡುವ ಕೆಲಸದ ಹಾಗೆ. ಉಗುರು ಕಚ್ಚುವವನು ತನ್ನ ಸ್ವೆಟರ್ ಬಿಚ್ಚಿ, ಬಾಗಿಲ ಕೆಳಗಿನ ಸಂದಿಗೆ ಉದ್ದಕ್ಕೂ ಒತ್ತಿ, ಬಂದು ಕೂತ. ಕೋಣೆ ಮಬ್ಬಾಯಿತು.

ಸೀಮೆಸುಣ್ಣ ಹಿಡಿದ ಟೀಚರಿನ ಕೈ ಬೋರ್ಡಿನ ಮೇಲೆ ಹಾಗೇ ನಿಂತಿತು. ಯಾಕೆ ಮುಚ್ಚಿದಿರಿ ಎಂದು ಕೇಳಿದಳು. ಮಕ್ಕಳು ಕಿಟಕಿಗಳತ್ತ ತಿರುಗಿ ಪೆಚ್ಚಾದರು. ಒಬ್ಬ ಮಳೆ ಬರುವ ಹಾಗಿತ್ತು ಎಂದ. ಉಗುರು ಕಚ್ಚುವವನು ಸ್ವೆಟರ್ ಅಲ್ಲಿಗೆ ಹೇಗೆ ಹೋಯಿತು ಎಂದು ಪಕ್ಕದವನ ಜೊತೆ ಜಗಳಕ್ಕೇ ನಿಂತ. ಹೊಸಬಿ ಮಾತ್ರ ತಡೆದು ತಡೆದು ಹೇಳಿದಳು.

"ಯಾರೋ ತಟ್ಟೆ ಬಡಿದ್ರು ಟೀಚರ್."

"ಎಲ್ಲಿ?"

"ಗೊತ್ತಿಲ್ಲ. ಹತ್ರಾನೇ. ಸೌಟು ತಗೊಂಡು ತಟ್ಟೆಗೆ ಬಡಿದ ಹಾಗೆ. ಬಡಿದ ಮೇಲೆ ಮುಚ್ಚಬೇಕಲ್ವಾ."

ಮುಚ್ಚಬೇಕು ಎಂದು ಯಾರು ಹೇಳಿಕೊಟ್ಟರು ಎಂದರೆ ಹುಡುಗಿ ಮತ್ತೆ ಕಿಟಕಿಯ ಚಿಲಕ ಮುಟ್ಟಿ ನೋಡಿದಳು. ಅವಳು ಈ ಊರಿಗೆ ಬಂದು ಇನ್ನೂ ಚಪ್ಪಲಿ ಸವೆದಿರಲಿಲ್ಲ. ಇಲ್ಲಿ ಅವಳಿಗೆ ಅಜ್ಜಿಯಿಲ್ಲ, ಅತ್ತೆಯಿಲ್ಲ. ಟೀಚರ್ ಗಾಜಿನ ಹಿಂದೆ ನಿಂತು ಹೊರಗೆ ನೋಡಿದಳು. ಚಿಮಣಿಯ ಬಾಯಲ್ಲಿ ಒಂದು ಗಿಡ ಹುಟ್ಟಿಕೊಂಡಿತ್ತು. ಬೆಳಿಗ್ಗೆಯೆಲ್ಲ ಅದು ಬಯಲಿನ ಕಡೆ ಬಾಗಿತ್ತು. ಈಗ ಗಾಳಿ ತಿರುಗಿ, ಶಾಲೆಯ ಕಡೆ ಬಾಗಿ ನಡುಗುತ್ತಿತ್ತು. ಅವಳ ನಾಲಿಗೆಗೆ ನಾಣ್ಯದ ರುಚಿ ಬಂತು.

ಮನೆಗೆ ಬಂದು ಹೇಳಿದಾಗ ಗಂಡ ನಗುತ್ತಾನೆ ಅಂದುಕೊಂಡಿದ್ದಳು. ಅವನು ನಗಲಿಲ್ಲ. ಈ ಊರಿಗೆ ಬಂದ ಹೊಸದರಲ್ಲೇ ಒಂದು ಸಂಗತಿ ಕಂಡಿದ್ದೆ, ಏನೆಂದು ತಿಳಿಯದೆ ಸುಮ್ಮನಿದ್ದೆ ಎಂದ. ಎಲ್ಲ ಊರುಗಳಲ್ಲೂ ಸವೆಯುವುದು ಬಾಗಿಲ ಚಿಲಕ. ಇಲ್ಲಿನ ಹಳೆಯ ಮನೆಗಳಲ್ಲಿ ಬಾಗಿಲ ಚಿಲಕ ಗಟ್ಟಿಯಾಗಿದೆ, ಕಿಟಕಿಯ ಚಿಲಕ ಬೆರಳು ತಾಗಿ ತಾಗಿ ಕಡ್ಡಿಯಷ್ಟು ತೆಳುವಾಗಿದೆ. ಬದಲಾಯಿಸಿ ಕೊಡಲೇ ಎಂದರೆ ಮುದುಕಿಯರು ಬೇಡ ಅನ್ನುತ್ತಾರೆ. ಹೊಸದು ಬೇಗ ಬೀಳುವುದಿಲ್ಲವಂತೆ.

ಅಮ್ಮನ ಜೊತೆ ಮಾತಾಡಲು ಮನೆಯಲ್ಲಿ ಒಂದು ಸ್ಲೇಟಿತ್ತು. ಔಷಧಿ ತಗೊಂಡ್ಯಾ, ಚಳಿ ಆಗ್ತಿದೆಯಾ, ಇಷ್ಟೇ ಅದರ ಮೇಲೆ ಬರೆಯುತ್ತಿದ್ದದ್ದು. ಟೀಚರ್ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಳು. ಕೊನೆಗೆ ಬರೆದಳು: ತರಗತಿಯಲ್ಲಿ ಒಬ್ಬ ಹುಡುಗಿಗೆ ತಟ್ಟೆ ಬಡಿದ ಸದ್ದು ಕೇಳಿಸಿತಂತೆ.

ಅಮ್ಮ ಕನ್ನಡಕ ಸರಿಮಾಡಿಕೊಂಡು ಓದಿದಳು. ಕೈಯಲ್ಲಿದ್ದ ಚಹಾದ ಲೋಟ ನಿಧಾನವಾಗಿ ಕೆಳಗಿಟ್ಟಳು.

"ಇನ್ನೂ ಕೇಳ್ತಾ ಇದೆಯಾ ಅದು?" ಎಂದಳು.

ಅಮ್ಮ ಅಷ್ಟುದ್ದದ ಮಾತಾಡಿ ವರ್ಷಗಳಾಗಿದ್ದವು. ಒಮ್ಮೆ ಶುರುವಾದ ಮೇಲೆ ದೀಪ ಹಚ್ಚುವ ಹೊತ್ತಾದರೂ ನಿಲ್ಲಲಿಲ್ಲ.

ಮೊದಲು ಸೈರನ್ ಇತ್ತಂತೆ. ಗಾಳಿ ಊರಿನ ಕಡೆ ತಿರುಗಿದರೆ ಕಾರ್ಖಾನೆಯವರೇ ಕೂಗಿಸುತ್ತಿದ್ದರು. ಜನ ಮಕ್ಕಳನ್ನು ಒಳಗೆಳೆದು ಕಿಟಕಿ ಹಾಕಿಕೊಳ್ಳುತ್ತಿದ್ದರು. ಬೆಲೆ ಇಳಿಯತೊಡಗಿದಾಗ ಸೈರನ್ ನಿಂತಿತು. ಕೂಗಿದಾಗಲೆಲ್ಲ ಅಂಗಡಿ ಮುಚ್ಚುತ್ತವೆ, ಹೊರಗಿನವರ ಕಿವಿಗೆ ಬಿದ್ದರೆ ಕಾರ್ಖಾನೆಗೆ ಕೆಟ್ಟ ಹೆಸರು ಎಂದರು. ಆಮೇಲೆ ಹೆಂಗಸರು ನಾಲಿಗೆಯಿಂದ ಗಾಳಿ ನೋಡುವುದು ಕಲಿತರು. ಅಮ್ಮನ ನಾಲಿಗೆ ಎಲ್ಲರಿಗಿಂತ ಚುರುಕು. ಬಾಗಿಲಲ್ಲಿ ನಿಂತು ನಾಲಿಗೆ ಚಾಚಿ, ಕಹಿ ತಾಗಿದ ತಕ್ಷಣ ತಟ್ಟೆ ತೆಗೆದುಕೊಂಡು ಬಡಿಯುತ್ತಿದ್ದಳು. ಪಕ್ಕದ ಮನೆಯವಳು ಬಡಿಯುತ್ತಿದ್ದಳು, ಅದರಾಚೆಯವಳು. ಹೊಗೆ ಬೀದಿಗಿಳಿಯುವುದರೊಳಗೆ ತಟ್ಟೆಯ ಸದ್ದು ಊರು ಸುತ್ತಿ ಬಂದಿರುತ್ತಿತ್ತು.

ಕೊನೆಯ ವರ್ಷ ಕಂಪನಿಯವರು ಕಾರ್ಖಾನೆ ಮಾರಲು ಹೊರಟರು. ಕೊಳ್ಳುವವರು ನೋಡಲು ಬರುವ ದಿನ ಊರಿಗೆಲ್ಲ ಹೇಳಿಸಿದರು: ಕಿಟಕಿ ತೆರೆದಿರಲಿ, ಬಟ್ಟೆ ಹೊರಗೆ ಒಣಗಲಿ, ಮಕ್ಕಳು ಬೀದಿಯಲ್ಲಿ ಆಡಲಿ. ಮನೆಮನೆಗೆ ಹೋಗಿ ಹೇಳಿಬಂದವನು ಅಪ್ಪನೇ. ಮನೆಗೆ ಬಂದು ತಟ್ಟೆಯನ್ನು ಕಪಾಟಿನ ಮೇಲೆ ಕೈಗೆಟುಕದಂತೆ ಇಟ್ಟ. ಮಧ್ಯಾಹ್ನ, ಕೊಳ್ಳುವವರು ಬೀದಿಯಲ್ಲಿ ನಡೆದು ಬರುತ್ತಿರುವಾಗಲೇ ಗಾಳಿ ತಿರುಗಿತು. ಮಕ್ಕಳು ಹಗ್ಗದಾಟ ಆಡುತ್ತಿದ್ದರು. ಆಡಿ ಎಂದು ಹೇಳಿದ್ದರಲ್ಲ, ಬೆವರು ಸುರಿಸಿ ಆಡುತ್ತಿದ್ದರು. ಅಮ್ಮ ಸ್ಟೂಲು ಹತ್ತಿ ತಟ್ಟೆ ಇಳಿಸಿಕೊಂಡು ಬೀದಿಗೆ ಬಂದಳು.

"ಬಡಿದೆ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬೀದಿ ಖಾಲಿ. ಅವರು ನಾಲ್ಕು ಜನ ಮಾತ್ರ ನಿಂತಿದ್ರು, ಸುತ್ತ ಎಲ್ಲ ಕಿಟಕಿ ಮುಚ್ಚಿ. ಒಂದು ಮಾತಾಡ್ಲಿಲ್ಲ. ಬಂದ ಕಾರಲ್ಲೇ ವಾಪಸ್ ಹೋದ್ರು."

ತಿಂಗಳೊಳಗೆ ಕುಲುಮೆ ಆರಿತು. ಹೇಗಿದ್ದರೂ ಆರುತ್ತಿತ್ತಲ್ಲ, ಬೆಲೆ ಬಿದ್ದುಹೋಗಿತ್ತಲ್ಲ ಎಂದು ಟೀಚರ್ ಸ್ಲೇಟಿನಲ್ಲಿ ಬರೆದಳು. ಅವಳೊಳಗಿನ ಚರಿತ್ರೆಯ ಮೇಷ್ಟರು ಸುಮ್ಮನಿರಲಿಲ್ಲ.

"ಬೆಲೆಯನ್ನ ಯಾರು ಬೈತಾರೆ ಮಗಳೇ? ಬೆಲೆಗೆ ಮುಖ ಇಲ್ಲ. ನನಗಿತ್ತು" ಎಂದಳು ಅಮ್ಮ.

ಮರುದಿನ ಟೀಚರ್ ಇದನ್ನೆಲ್ಲ ತರಗತಿಗೆ ಹೇಳಿದಳು, ಆ ಹೆಂಗಸು ತನ್ನ ತಾಯಿ ಎಂಬುದನ್ನೂ ಸೇರಿಸಿ. ಮನೆಯಲ್ಲಿ ಹಿರಿಯರನ್ನು ಕೇಳಿ ಬನ್ನಿ ಎಂದಳು. ಮಕ್ಕಳು ಕೇಳಿದರು. ಒಬ್ಬಳ ಅಜ್ಜಿ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳಂತೆ. ಉಗುರು ಕಚ್ಚುವವನ ತಾತ ಅವನನ್ನು ಮಹಡಿಗೆ ಕರೆದುಕೊಂಡು ಹೋಗಿ, ಚಿಮಣಿಗೆ ಮುಖ ಮಾಡಿ ನಿಲ್ಲಿಸಿ, ಬಾಯಿ ತೆರೆ ಎಂದನಂತೆ. ಏನು ರುಚಿ ಎಂದು ಕೇಳಿದನಂತೆ. ಏನೂ ಇಲ್ಲ ಎಂದಾಗ ಮುದುಕ ಕಣ್ಣೊರೆಸಿಕೊಂಡನಂತೆ.

ವಾರ ಕಳೆಯುವುದರೊಳಗೆ ಹೆಡ್‌ಮಾಸ್ಟರ್ ಕರೆಸಿದರು. ಒಳ್ಳೆಯ ಮನುಷ್ಯ, ಜಗಳವೆಂದರೆ ಹೊಟ್ಟೆನೋವು ಬರುವಂಥವರು. ಮಕ್ಕಳು ಹೆದರುತ್ತಿದ್ದಾರೆ, ಕೆಲಸ ಸಿಕ್ಕಿರುವ ಮನೆಗಳಲ್ಲಿ ಮಾತು ಬೆಳೆಯುತ್ತಿದೆ, ಫೋನಿನ ಮೇಲೆ ಫೋನು ಎಂದರು. ಪಾಠ ಪುಸ್ತಕದಲ್ಲೇ ಇದೆ ಎಂದಳು ಟೀಚರ್. "ಪುಸ್ತಕದಲ್ಲಿರೋದು ಪುಸ್ತಕದಲ್ಲೇ ಇರಲಿ ಟೀಚರ್, ಬಯಲಿಗೆ ಯಾಕೆ ತರ್ತೀರಿ?" ಎಂದರು ಅವರು. ಅವಳು ಬಿಟ್ಟುಬಂದಿದ್ದ ಹಿಂದಿನ ಪಾಠಕ್ಕೆ ಮರಳಿದಳು.

ಅಗೆತ ಶುರುವಾಯಿತು. ದಿನವಿಡೀ ಯಂತ್ರದ ಗುರುಗುಟ್ಟುವಿಕೆ ಶಾಲೆಯ ಗೋಡೆಗಳಲ್ಲಿ ಇಳಿದು ಬೆಂಚುಗಳಲ್ಲಿ ಸಣ್ಣಗೆ ನಡುಗುತ್ತಿತ್ತು. ನೀರು ಹಾಕಿ ಅಗೆಯುತ್ತಿದ್ದರು. ಧೂಳು ಹೆಚ್ಚೇನೂ ಏಳುತ್ತಿರಲಿಲ್ಲ. ಟೀಚರಿಗೂ, ತಾನೇ ಹಗ್ಗವನ್ನು ಹಾವು ಮಾಡಿ ಹೇಳಿದೆನೇನೋ ಎನ್ನಿಸತೊಡಗಿತು.

ಆಮೇಲೊಂದು ದಿನ, ಊಟದ ಬಿಡುವಿನ ನಂತರದ ಪೀರಿಯಡ್. ಅವಳು ಯಾವುದೋ ಒಪ್ಪಂದದ ಶರತ್ತುಗಳನ್ನು ವಿವರಿಸುತ್ತಿದ್ದಳು. ಹೊಸಬಿ ಎದ್ದಳು. ಈ ಸಲ ಅವಳ ಮುಖ ಬೆಳ್ಳಗಾಗಿತ್ತು. ಕಿಟಕಿ ಮುಚ್ಚಿದಳು, ತರಗತಿ ಎದ್ದಿತು. ಯಾರೂ ಮಾತಾಡುತ್ತಿರಲಿಲ್ಲವಾದ್ದರಿಂದ ಚಿಲಕಗಳು ಒಂದರ ಹಿಂದೊಂದು ಬೀಳುವ ಸದ್ದು ಮಾತ್ರ ಕೇಳಿಸಿತು. ಹೊಸಬಿ ಅಳುತ್ತ, "ಟೀಚರ್, ತುಂಬಾ ಜೋರಾಗಿ ಬಡೀತಿದಾರೆ. ಅಪ್ಪ ಅಲ್ಲೇ ಇದಾರೆ" ಎಂದಳು.

ಟೀಚರಿಗೆ ಯಾವ ಸದ್ದೂ ಕೇಳಿಸಲಿಲ್ಲ. ಆದರೂ ವರಾಂಡಕ್ಕೆ ಓಡಿದಳು. ಹೆಡ್‌ಮಾಸ್ಟರ್ ಕೋಣೆಯಲ್ಲಿರಲಿಲ್ಲ. ಪಕ್ಕದ ತರಗತಿಯಲ್ಲಿ ಹೊಸದಾಗಿ ಬಂದಿದ್ದ ಗಣಿತದ ಮೇಷ್ಟರಿಗೆ ಕಿಟಕಿ ಮುಚ್ಚಿಸಿ ಎಂದಳು. ಅವನು ಹೊರಗೆ ನೋಡಿದ, ಆಕಾಶ ತೊಳೆದಿಟ್ಟಂತಿತ್ತು. ಈ ಸೆಕೆಯಲ್ಲಿ ಮಕ್ಕಳು ಬೆಂದುಹೋಗುತ್ತಾರೆ ಎಂದು ನಯವಾಗಿಯೇ ನಕ್ಕ. ಅವಳು ಇನ್ನೂ ಬೇಡಿಕೊಳ್ಳುತ್ತಿದ್ದಳು. ಬಯಲಿನ ಯಂತ್ರ ಇದ್ದಕ್ಕಿದ್ದಂತೆ ನಿಂತಿತು.

ಕಿಟ್ಟದ ಅಡಿಯಲ್ಲಿ ಯಾರಿಗೂ ತಿಳಿಯದ ಒಂದು ಹಳೆಯ ಗುಂಡಿಯಿತ್ತು. ಚಿಮಣಿಯೊಳಗಿಂದ ಕೆರೆದು ತೆಗೆದ ಹಳದಿ ಬೂದಿಯನ್ನು ತುಂಬಿ ಮೇಲೆ ಮುಚ್ಚಿದ್ದರು. ಯಂತ್ರದ ಹಲ್ಲು ಅದರ ಮುಚ್ಚಳ ಸೀಳಿತ್ತು. ಹಳದಿ ಪುಡಿ ಮೋಡದ ಹಾಗೆ ಮೇಲೇಳಲಿಲ್ಲ. ಉಕ್ಕಿದ ಹಾಲಿನಂತೆ ನೆಲಕ್ಕೆ ಅಂಟಿಕೊಂಡು, ಸದ್ದಿಲ್ಲದೆ, ಬೇಲಿಯ ಕೆಳಗೆ ನುಸುಳಿ ಆಟದ ಮೈದಾನ ದಾಟಿ ಬಂತು. ಶಾಲೆಯ ಗೋಡೆ ಮುಟ್ಟಿದ ಮೇಲೆ ಎದ್ದು ನಿಂತಿತು. ಟೀಚರ್ ಸೆರಗಿನಿಂದ ಮೂಗು ಮುಚ್ಚಿಕೊಂಡು ಕೈಗೆ ಸಿಕ್ಕ ಮಕ್ಕಳನ್ನು ತನ್ನ ಕೋಣೆಗೆ ಎಳೆದುಕೊಂಡಳು. ಪಕ್ಕದ ತರಗತಿಯವರು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡರು. ಬಹಳ ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಯಾರೂ ಸಾಯಲಿಲ್ಲ. ಯಂತ್ರದ ಮೇಲಿದ್ದ ಹೊಸಬಿಯ ಅಪ್ಪ ಬಹಳ ದಿನ ಮಲಗಿದ. ಮುಚ್ಚಿದ ಕೋಣೆಯಲ್ಲಿದ್ದ ಮಕ್ಕಳಿಗೆ ಗಂಟಲೂ ಕೆರೆಯಲಿಲ್ಲ.

ಸಂಜೆ ಗಂಡ ಇನ್ನೊಂದು ಮಾತು ಹೇಳಿದ. ಧೂಳು ಬರುವುದಕ್ಕೆ ಮುಂಚೆ ಅವನು ಊಟಕ್ಕೆಂದು ಮೇಲೆ ಹೋಗಿದ್ದನಂತೆ. ದಿನವಿಡೀ ಕುರ್ಚಿ ಬಿಡದ ಅತ್ತೆ ಅಡುಗೆಮನೆಯ ನಡುವೆ ನಿಂತಿದ್ದರಂತೆ, ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಸೌಟು. ಬಡಿಯಲಿಲ್ಲ. ಸುಮ್ಮನೆ ಎತ್ತಿ ಹಿಡಿದು ನಿಂತಿದ್ದರು. "ಕೈ ನಡುಗ್ತಿರಲಿಲ್ಲ ಕಣೇ. ಅದೇ ನನಗೆ ಹೆದರಿಕೆ ಆಗಿದ್ದು" ಎಂದ.

ಕಂಪನಿಯವರು ಮಾಮೂಲಿ ಧೂಳು, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದರು. ಆದರೆ ಮಕ್ಕಳಿಗೆ ಪಾಠ ಆಗಿಹೋಗಿತ್ತು. ಆ ಧೂಳಿನಲ್ಲಿ ಏನಿರುತ್ತದೆ, ಅದು ಮೂಳೆಗಿಳಿದರೆ ಏನಾಗುತ್ತದೆ ಎಂದು ಅವರೇ ಮನೆಯವರಿಗೆ ಹೇಳಿದರು. ತಾಯಂದಿರು ಕಚೇರಿಗಳ ಮುಂದೆ ಕೂತರು. ಮಣ್ಣು ಪರೀಕ್ಷೆಯಾಯಿತು, ಅಗೆತ ನಿಂತಿತು. ಗುಂಡಿಯನ್ನೂ ಗುಡ್ಡೆಗಳನ್ನೂ ಜೇಡಿಮಣ್ಣು ಹಾಕಿ ಮುಚ್ಚಬೇಕೆಂದು ತೀರ್ಮಾನವಾಯಿತು.

ಆಗ ಮಕ್ಕಳು ತಟ್ಟೆ ಬಡಿದ ಅಜ್ಜಿಯನ್ನು ನೋಡಬೇಕು ಎಂದರು. ಹೆಡ್‌ಮಾಸ್ಟರ್ ಈ ಸಲ ತಾವೇ ಕುರ್ಚಿ ಹಾಕಿಸಿದರು. ಅಮ್ಮ ಬೋರ್ಡಿಗೆ ಎದುರಾಗಿ ಕೂತಳು. ಮಕ್ಕಳು ಒಬ್ಬೊಬ್ಬರಾಗಿ ಬಂದು ಪ್ರಶ್ನೆಯನ್ನು ಬೋರ್ಡಿನ ಮೇಲೆ ದೊಡ್ಡಕ್ಷರದಲ್ಲಿ ಬರೆದರು. ಕೆಲವರ ಕಾಗುಣಿತ ನೋಡಿ ಮುದುಕಿ ನಕ್ಕಳು. ಹೊಗೆ ಯಾವ ಬಣ್ಣ, ಹಸಿವಾದಾಗ ಏನು ತಿಂದಿರಿ, ಎಲ್ಲಕ್ಕೂ ಉತ್ತರ ಕೊಟ್ಟಳು. ಒಬ್ಬಳು ಬರೆದಳು: ಕಾರ್ಖಾನೆ ಮುಚ್ಚಿದ ಮೇಲೆ ಜನ ನಿಮಗೆ ಏನಂದರು?

"ಏನೂ ಅನ್ಲಿಲ್ಲ" ಎಂದಳು ಅಮ್ಮ. "ಬೈದಿದ್ರೆ ಬೈದೋರ ಮುಖಾನಾದ್ರೂ ನೋಡಬಹುದಿತ್ತು."

ಹೊಸಬಿ ಕೊನೆಗೆ ಎದ್ದಳು. ಅಜ್ಜಿ, ಈಗ ಬಡಿಯೋರು ಯಾರು ಎಂದು ಬರೆದಳು. ಅಮ್ಮ ಆ ಸಾಲನ್ನು ಓದಿದಳು, ಹುಡುಗಿಯನ್ನು ನೋಡಿದಳು, ಮತ್ತೆ ಓದಿದಳು. ಹತ್ತಿರ ಕರೆದು ಅವಳ ಕಿವಿಗಳ ಮೇಲೆ ತನ್ನ ಎರಡೂ ಅಂಗೈ ಇಟ್ಟು, ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು.

ಕೆಲಸ ಹೋದ ಮೇಲೆ ಊರು ಮತ್ತೆ ತಣ್ಣಗಾಯಿತು. ಟೀಚರಿಗೆ ಯಾರೂ ಏನೂ ಅನ್ನಲಿಲ್ಲ. ಮೊಟ್ಟೆ ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟು ಬೇರೆ ಕಡೆ ನೋಡತೊಡಗಿದ. ಗಂಡನ ಅಂಗಡಿಗೆ ಬೀಗಗಳು ಬರುವುದು ಕಡಿಮೆಯಾಯಿತು. ಸ್ಟಾಫ್ ರೂಮಿನಲ್ಲಿ ಅವಳು ಹೋದರೆ ಮಾತು ತುಂಡಾಗುತ್ತಿತ್ತು. ಚಿಕ್ಕಂದಿನ ಆ ಮೌನ ಅವಳಿಗೆ ಹಳೆಯ ಅಂಗಿಯ ಹಾಗೆ ಮೈಗೆ ಸರಿಯಾಗಿ ಕೂತಿತು. ಆದರೆ ಈ ಸಲ ಮನೆಯಲ್ಲಿ ಮಾತಿತ್ತು. ಅಮ್ಮ ಸತ್ತವರ, ಊರು ಬಿಟ್ಟವರ ಹೆಸರು ಹಿಡಿದು ಬೀದಿಯುದ್ದಕ್ಕೂ ಯಾರ್ಯಾರ ಮನೆ ಎಲ್ಲಿತ್ತು ಎಂದು ಹೇಳುತ್ತ ಹೋಗುತ್ತಿದ್ದಳು. ಗಂಡ ಕೆಲಸವಿಲ್ಲದ ಕೈ ಕಟ್ಟಿಕೊಂಡು ಕೇಳುತ್ತ ಕೂರುತ್ತಿದ್ದ.

ಹೊಸಬಿಯ ಅಪ್ಪ ಆಸ್ಪತ್ರೆಯಿಂದ ಬಂದವನು ನೇರ ಅವರ ಮನೆಗೆ ಬಂದಿದ್ದ. ಮೆಟ್ಟಿಲು ಹತ್ತಲಿಲ್ಲ. ಬೀದಿಯಲ್ಲೇ ನಿಂತು, ನಿಮ್ಮ ಪಾಠದಿಂದ ನಮ್ಮ ಹೊಟ್ಟೆ ಮೇಲೆ ಹೊಡೆತ ಬಿತ್ತು ಎಂದ. ಆ ಮಾತಿನ ಹಿಂದೆ ತನ್ನ ಅಪ್ಪನ ದನಿ ಕೇಳಿಸಿ ಟೀಚರ್ ಮೆಟ್ಟಿಲಿಳಿದು ಬಂದಳು. ಅವನಿಗೆ ದೂರದ ಊರಿನಲ್ಲಿ ಕೆಲಸ ಸಿಕ್ಕಿತ್ತು, ಪರೀಕ್ಷೆ ಹತ್ತಿರವಿತ್ತು. ಹುಡುಗಿ ಅಲ್ಲಿಯವರೆಗೆ ನಮ್ಮಲ್ಲೇ ಇರಲಿ ಎಂದಳು ಟೀಚರ್. ಅವನು ಹೂಂ ಎನ್ನಲಿಲ್ಲ. ಮಾರನೆಯ ದಿನ ಹುಡುಗಿಯ ಪೆಟ್ಟಿಗೆ ಕೆಳಗಿನ ಅಂಗಡಿಯಲ್ಲಿತ್ತು.

ಹುಡುಗಿ ಟೀಚರಿನ ಅಮ್ಮನ ಕೋಣೆಯಲ್ಲಿ ಮಲಗುತ್ತಿದ್ದಳು. ಅವಳ ಅಪ್ಪ ಬಂದಾಗಲೆಲ್ಲ ಅಂಗಡಿಯ ಬಾಗಿಲಲ್ಲೇ ಮಗಳನ್ನು ಮಾತಾಡಿಸಿ ಹೋಗುತ್ತಿದ್ದ. ಪರೀಕ್ಷೆ ಮುಗಿದ ವಾರ ಟೀಚರಿನ ನಿವೃತ್ತಿಯೂ ಆಯಿತು, ಹಾರವಿಲ್ಲ, ಭಾಷಣವಿಲ್ಲ. ಮಗಳನ್ನು ಕರೆದೊಯ್ಯಲು ಅವನು ಬಂದ ದಿನ ಟೀಚರ್ ಬಸ್ ನಿಲ್ದಾಣದವರೆಗೂ ಹೋದಳು. ಮೂವರೂ ಬೆಂಚಿನ ಮೇಲೆ ಕೂತರು. ಅವನು ನಡುನಡುವೆ ಬಾಯಿಗೆ ಮುಷ್ಟಿ ಹಿಡಿದು ಕೆಮ್ಮುತ್ತಿದ್ದ. ಬಸ್ಸು ತಿರುವಿನಲ್ಲಿ ಕಂಡಾಗ ಅವಳ ಕಡೆ ನೋಡದೆಯೇ ಹೇಳಿದ.

"ಸಿಟ್ಟಿದೆ ಟೀಚರ್. ಹೋಗಲ್ಲ ಅದು. ಆದ್ರೆ ನಾನು ಕೆಮ್ತೀನಿ, ನನ್ನ ಮಗಳು ಕೆಮ್ಮಲ್ಲ."

ಉತ್ತರಕ್ಕೆ ಕಾಯಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಹತ್ತಿದ. ಹುಡುಗಿ ಕಾಲು ಮುಟ್ಟಲು ಬಾಗಿದವಳು ಟೀಚರಿನ ಕೈ ಹಿಡಿದುಕೊಂಡು, ಬಿಡದೆ, ಮೆಲ್ಲಗೆ ಹೇಳಿದಳು.

"ನಾವು ಹೋಗ್ತಿರೋ ಊರಲ್ಲಿ ಚಿಮಣಿ ಇನ್ನೂ ಉರೀತಾ ಇದೆಯಂತೆ ಟೀಚರ್. ಒಂದಲ್ಲ, ಸಾಲಾಗಿ ಇವೆಯಂತೆ. ಅಲ್ಲಿ ಬಡಿಯೋರು ಯಾರು?"

ಕಂಡಕ್ಟರ್ ಸೀಟಿ ಊದಿದ. ಹುಡುಗಿ ಕೈ ಬಿಟ್ಟು ಓಡಿ ಹತ್ತಿದಳು.